ನಾನು ಹೆಸರಿಟ್ಟ ಹಡಗು

ಮಾರ್ಚ್ 3, ಬೆಳಿಗ್ಗೆ

ಮಾತ್ರೆ ನುಂಗಿದ್ದಾಯಿತು. ಗಿಡಗಳಿಗೆ ನೀರು ಹಾಕುತ್ತಿದ್ದಾಗ ಫೋನ್. ಹಡಗಿನ ಕ್ಯಾಪ್ಟನ್. ಈ ಸಲದವರು ಹೆಂಗಸು, ದನಿ ಗಟ್ಟಿ.

"ಅಮ್ಮಾ, ಮುಂದಿನ ವಾರ ನಮ್ಮ ಹಡಗು ರಿಟೈರ್. ಹೆಸರಿಟ್ಟವರು ನೀವು. ಬೀಳ್ಕೊಡೋಕೂ ನೀವೇ ಬರಬೇಕು."

ಬರುತ್ತೇನೆ ಎಂದುಬಿಟ್ಟೆ. ಮೊಣಕಾಲನ್ನು ಕೇಳಲೇ ಇಲ್ಲ.

ಅದೇ ದಿನ, ಸಂಜೆ

ಕೆಲಸ ಸಾಗಲಿಲ್ಲ. ಬರೀ ನೆನಪು.

ನಮ್ಮ ಯಜಮಾನರು ಆಗ ಯುದ್ಧದ ಹಡಗು ಕಟ್ಟುವ ಕಾರ್ಖಾನೆಯಲ್ಲಿ ಎಂಜಿನಿಯರ್. ಕಟ್ಟಿದವರ ಮನೆಯ ಹೆಂಗಸೇ ಹೆಸರಿಡಲಿ ಎಂದು ಮೇಲಿನವರ ತೀರ್ಮಾನ. ನಾನೋ ತುಂಬಿದ ಬಸುರಿ. "ಹೊಟ್ಟೆ ಕಾಣದ ಹಾಗೆ ಕೋಟು ಹಾಕ್ಕೊಳ್ಳೇ" ಎಂದರು ಅತ್ತೆ. ಯಾವ ಕೋಟಿನಲ್ಲಿ ಆ ಹೊಟ್ಟೆ ಅಡಗುತ್ತಿತ್ತು!

ಹೆಸರಿಡುವಾಗ ಹಡಗಿಗೆ ಷಾಂಪೇನ್ ಬಾಟಲಿ ಒಡೆಯುವುದು ಪದ್ಧತಿ. ಮೂತಿಗೆ ಬೀಸಿದೆ. ಠಣ್ ಎಂದಿತು, ಒಡೆಯಲಿಲ್ಲ. ನೆರೆದವರೆಲ್ಲ ಉಸಿರು ಬಿಗಿಹಿಡಿದರು. ಇವರು ಕಿವಿಯ ಹತ್ತಿರ ಬಗ್ಗಿ, "ನನ್ನ ಮೇಲಿನ ಸಿಟ್ಟೆಲ್ಲಾ ಸೇರಿಸಿ ಹೊಡಿ."

ಹೊಡೆದೆ. ಚೂರುಚೂರು. ಮುಖಕ್ಕೆಲ್ಲ ನೊರೆ. ಅಷ್ಟು ದೊಡ್ಡ ಕಬ್ಬಿಣದ ಗುಡ್ಡ ಮೆಲ್ಲಗೆ ನೀರಿಗೆ ಜಾರಿತು... ಹೊಟ್ಟೆಯೊಳಗೆ ಮಗು ಒದ್ದಿತು. ಅದೇ ಗಳಿಗೆಗೆ. ಹೇಳಿದರೆ ಇವರು ನಂಬಲಿಲ್ಲ. ಈಗ ನಂಬಿಸೋಣವೆಂದರೆ ಇವರೇ ಇಲ್ಲ.

ಮಾರ್ಚ್ 5

ಮಗಳು ಬಂದಿದ್ದಳು, ಆವತ್ತು ಹೊಟ್ಟೆಯೊಳಗೆ ಒದ್ದವಳೇ. ವಿಷಯ ಕೇಳಿ ಮುಖ ಗಂಟಿಕ್ಕಿದಳು.

"ಆ ಮೆಟ್ಟಿಲು ಹತ್ತೋಕಾಗುತ್ತಾ ನಿನಗೆ?"

"ಕೂತು ಎದ್ದು ಹತ್ತುತ್ತೀನಿ."

"ಹೋಗು. ನನ್ನ ಬರ್ತ್‌ಡೇ ದಿನಾನೂ ಅಲ್ಲೇ ಹೋಗಿದ್ಯಲ್ಲ. ಅದೇ ನಿನ್ನ ಹಿರೀ ಮಗಳು ಬಿಡು."

ತಮಾಷೆಯ ಹಾಗೆ ಹೇಳಿದಳು. ತಮಾಷೆ ಅಲ್ಲ, ನನಗೆ ಗೊತ್ತು.

ಹೆಸರಿಟ್ಟವಳು ಹಡಗು ಇರುವ ತನಕ ಅದಕ್ಕೆ ತಾಯಿ. ದೂರ ಹೊರಟರೆ ದಡದಲ್ಲಿ ನಿಲ್ಲಬೇಕು. ಬಂದರೆ ಎದುರುಗೊಳ್ಳಬೇಕು. ಅಲ್ಲಿನ ಹುಡುಗರ ಮದುವೆ, ಮಕ್ಕಳು, ಕಾಯಿಲೆ — ಎಲ್ಲಾ ವಿಚಾರಿಸಬೇಕು. ಇದನ್ನು ಇವಳಿಗೆ ಹೇಗೆ ಹೇಳಲಿ...

ಹೊರಡುವಾಗ ಬಾಗಿಲಲ್ಲಿ ನಿಂತು, "ಕಾರು ನಾನೇ ತರ್ತೀನಿ. ಒಬ್ಬಳನ್ನೇ ಕಳಿಸಲ್ಲ."

ಮಾರ್ಚ್ 11, ಸಂಜೆ

ಹೋಗಿ ಬಂದೆವು.

ಮೆಟ್ಟಿಲ ಮೇಲೆ ಮಗಳು ಹಿಂದಿನಿಂದ ತಳ್ಳಿದಳು. ಮೇಲೆ ನಿಂತಿದ್ದವನು ಗುಂಡಣ್ಣ — ಹಡಗಿನ ಹಳೆಯ ಅಡುಗೆಯವನು, ಈಗ ತಲೆಯೆಲ್ಲ ಬೆಳ್ಳಗೆ. ನನ್ನನ್ನು ಬಿಟ್ಟು ನೇರ ಮಗಳ ಮುಂದೆ ಹೋದ.

"ಅಂತೂ ಚಿಕ್ಕ ಹಡಗು ಬಂತಲ್ಲಪ್ಪಾ!"

ಮಗಳು ತಬ್ಬಿಬ್ಬು. "ಯಾರು?"

"ನೀನೇ ಕಣಮ್ಮಾ! ಅಮ್ಮ ಬಂದಾಗೆಲ್ಲಾ ನಿನ್ನ ಸುದ್ದೀನೇ. ಸೈಕಲ್ಲಿಂದ ಬಿದ್ದಿದ್ದು, ಲೆಕ್ಕದಲ್ಲಿ ಫೇಲಾಗಿದ್ದು — ಇಡೀ ಹಡಗಿಗೇ ಗೊತ್ತು. ಮನೆ ಬಿಟ್ಟು ಬಂದೋರು ನಾವು. ನೀನೇ ನಮ್ಮನೆ ಮಗು ಆಗಿದ್ದೆ."

"ಫೇಲಾಗಿದ್ದೂ ಹೇಳಿದ್ಯಾ?" ನನ್ನತ್ತ ಕಣ್ಣು ಕೆಕ್ಕರಿಸಿದಳು. ಆಮೇಲೆ ಸಮುದ್ರದ ಕಡೆ ತಿರುಗಿ ನಿಂತಳು.

ಬಾವುಟ ಇಳಿಯಿತು. ಎಂಜಿನ್ ಸದ್ದು ನಿಂತಿತು. ಒಂದು ಮಾತು ಹೇಳಿ ಎಂದರು ಕ್ಯಾಪ್ಟನ್. ಬಿಸಿಲಿಗೆ ಕಬ್ಬಿಣ ಬೆಚ್ಚಗಿತ್ತು. ಕೈಯಿಟ್ಟೆ.

"ಸಾಕು ಕಣೇ. ಇನ್ನು ಮಲಗು."

ಅಷ್ಟೇ ಬಂತು. ಪಕ್ಕದಲ್ಲಿ ಮಗಳೂ ಕೈಯಿಟ್ಟಳು.

ಮಾರ್ಚ್ 12, ಬೆಳಿಗ್ಗೆ

ಕಾಲು ಊದಿಕೊಂಡಿದೆ. ಮಗಳು ಇಲ್ಲೇ ಉಳಿದಳು. ನೀರು ಕಾಯಿಸುತ್ತಾ ಅಡುಗೆಮನೆಯಿಂದಲೇ ಕೇಳುತ್ತಿದ್ದಾಳೆ, "ಅಮ್ಮಾ, ಹಡಗಿಗೆ ಹೆಸರಿಟ್ಟ ದಿನ ಅಪ್ಪ ಹೇಗೆ ಕಾಣ್ತಿದ್ರು?"

ಇಷ್ಟು ವರ್ಷದಲ್ಲಿ ಮೊದಲ ಸಲ ಕೇಳಿದ್ದು. ಟೋಪಿ ಗಾಳಿಗೆ ಹಾರಿಹೋಗಿತ್ತು, ಕೂದಲೆಲ್ಲ ಕೆದರಿ, ಸಣ್ಣ ಹುಡುಗನ ಹಾಗೆ ನಗುತ್ತಾ... ಇದನ್ನು ಇಲ್ಲಿ ಬರೆಯುತ್ತ ಕೂತರೆ ಹೇಗೆ? ಬಂದೆ ಕಣೇ, ಬಂದೆ—