ಬುಟ್ಟಿಗೆ ಕೈ ಹಚ್ಚಿದವರು

ಕೋಡಿಬಾಗ, ಕಾರವಾರ
ಮೇ ೨೪, ಶನಿವಾರ

ಪ್ರೀತಿಯ ಆಜಿಗೆ,

ನಿನ್ನ ಮೊಮ್ಮಗಳು ಸಪ್ನಾ ಮಾಡುವ ನಮಸ್ಕಾರಗಳು. ಕಣ್ಣು ಹೇಗಿದೆ? ಪೊರೆ ತೆಗೆದು ಕಪ್ಪು ಕನ್ನಡಕ ಕೊಟ್ಟಿದ್ದಾರಂತೆ, ನೀನು ಅದನ್ನು ಹಣೆಯ ಮೇಲೆ ಏರಿಸಿಕೊಂಡು ಅಡಿಗೆಮನೆಗೆ ಹೋಗಿ ಕಾಕಿ ಮೀನು ಸರಿಯಾಗಿ ಕೊಯ್ಯುತ್ತಾಳೋ ಇಲ್ಲವೋ ಎಂದು ನೋಡುತ್ತೀಯಂತೆ. ಕಾಕಾ ಫೋನಿನಲ್ಲಿ ಬಾಬಾನ ಹತ್ತಿರ ಎಲ್ಲ ಹೇಳಿದ್ದಾನೆ. ಮಲ್ಪೆಯ ಬಂಗಡೆಗೆ ರುಚಿಯಿಲ್ಲ ಅಂತ ದಿನಾ ಊಟಕ್ಕೆ ಕೂತಾಗ ಹೇಳಬೇಡ, ಕಾಕಿ ಪಾಪದವಳು. ನಾನೂ ಫೋನ್ ಮಾಡಬಹುದಿತ್ತು. ಆದರೆ ನಾನು ಕಿರುಚಿದ್ದು ಕೋಡಿಬಾಗಕ್ಕೆಲ್ಲ ಕೇಳುತ್ತದೆ, ನಿನಗೊಬ್ಬಳಿಗೆ ಕೇಳುವುದಿಲ್ಲ. ಈಗ ಬರೆಯುವುದು ಊರಿಗೆಲ್ಲ ಕೇಳಬಾರದ ಸುದ್ದಿ, ಅದಕ್ಕೇ ಕಾಗದ. ರಕ್ಷಿತಾ, ಕಾಕಾನ ಮಗಳಾದ ಮೇಲೆ ಆಜಿಗೆ ಓದಿ ಹೇಳುವ ಕೆಲಸ ನಿನ್ನದೇ, ಕಿವಿಯ ಹತ್ತಿರ ಕೂತು ನಿಧಾನ ಓದು. ನಡುನಡುವೆ ನಿನ್ನದೊಂದು ಮಾತು ಸೇರಿಸಬೇಡ.

ನೀನು ಹೋದ ವಾರದಲ್ಲೇ ಯುದ್ಧ ಶುರುವಾಯಿತಲ್ಲ. ಇಲ್ಲಿ ಬಾಂಬೂ ಬೀಳಲಿಲ್ಲ, ಏನೂ ಆಗಲಿಲ್ಲ, ಆದರೆ ಕಡಲಿಗೆ ಹೋದ ಬೋಟುಗಳನ್ನೆಲ್ಲ ವಾಪಸ್ ಕರೆಸಿದರು. ಬಾಬಾ ಕೈಕಟ್ಟಿ ಕೂತು, ಹರಿಯದ ಬಲೆಯಲ್ಲೂ ತೂತು ಹುಡುಕಿ ಹೊಲಿದ. ಮೀನಿಲ್ಲದೆ ಪೇಟೆಗೆ ಹೋಗುವುದು ಹೇಗೆ? ಮೀನುಪೇಟೆಯ ಸಾಲಿನಲ್ಲಿ ನಿನ್ನ ಜಾಗ ಖಾಲಿ ಬಿಡಬಾರದು ಅಂತ ನೀನು ಹೊರಡುವಾಗ ಬಸ್ಸಿನ ಕಿಟಕಿಯಿಂದಲೂ ಹೇಳಿದ್ದೆ. ಅದಕ್ಕೆ ಕಾಳಿ ಹೊಳೆಯಲ್ಲಿ ನೀರಿಳಿದಾಗ ಬಳಚಿನ ಚಿಪ್ಪು ಹೆಕ್ಕಲು ಹೋದೆ. ಅಲ್ಲಿ ಸೊಂಟದ ತನಕ ನೀರಲ್ಲಿ ನಿಂತು, ಕಾಲಿನಿಂದಲೇ ಚಿಪ್ಪು ತಡಕಾಡುತ್ತಿದ್ದವಳು ಯಾರು ಅಂದುಕೊಂಡೆ? ಜೈತೂನ್. ನಿನ್ನ ಫಾತಿಮಾಬಿಯ ಮೊಮ್ಮಗಳು. ಪೇಟೆಯ ಸಾಲಿನಲ್ಲಿ ನಿನ್ನ ಪಕ್ಕದ ಜಾಗ ಅವಳದು, ಅಜ್ಜಿ ತೀರಿಕೊಂಡ ಮೇಲೆ ಅವಳೇ ಬಂದು ಕೂರುತ್ತಾಳೆ. ಇಷ್ಟು ದಿನ ನಾವಿಬ್ಬರೂ ಮಾತಾಡಿದವರೇ ಅಲ್ಲ. ನೀನೂ ಫಾತಿಮಾಬಿಯೂ ಬಾದಾಮಿ ಮರದ ನೆರಳಿಗೆ ಜಗಳ ಆಡಿದ್ದು ನನ್ನ ತಲೆಯಲ್ಲಿತ್ತು. ಅವಳ ತಲೆಯಲ್ಲೂ ಅದೇ ಇತ್ತಂತೆ.

ನನಗೆ ಬಳಚು ಹೆಕ್ಕಲು ಬರುವುದಿಲ್ಲ, ಗೊತ್ತಲ್ಲ. ಕೈ ಹಾಕಿದಲ್ಲೆಲ್ಲ ಕಲ್ಲು. ಅವಳು ಸ್ವಲ್ಪ ಹೊತ್ತು ನೋಡಿದಳು, ಆಮೇಲೆ ತಡೆಯಲಾರದೆ, "ಕೈಯಲ್ಲಲ್ವೇ ಮಾರಾಯ್ತಿ, ಹಿಮ್ಮಡಿ ಊರಿ ತಿರುಗ್ಸು" ಅಂದಳು. ತಿರುಗಿಸಿದೆ, ಸಿಕ್ಕಿತು. ಅಷ್ಟರಲ್ಲಿ ತಲೆಯ ಮೇಲೆ ದೊಡ್ಡ ಸದ್ದು. ನಾನು "ಮಾರುತಿ" ಅಂದೆ, ಅವಳು "ಯಾ ಅಲ್ಲಾ" ಅಂದಳು, ಇಬ್ಬರೂ ಒಬ್ಬರನ್ನೊಬ್ಬರು ಗಟ್ಟಿಯಾಗಿ ಹಿಡಿದುಕೊಂಡು ಕೆಸರಲ್ಲಿ ಕೂತೇಬಿಟ್ಟೆವು. ನೋಡಿದರೆ ದಿನಾ ಹಾರುವ ನಮ್ಮದೇ ನೇವಿ ಹೆಲಿಕಾಪ್ಟರ್. ಆವತ್ತು ನಕ್ಕಷ್ಟು ನಾನು ಈಚೆಗೆ ಎಂದೂ ನಕ್ಕಿಲ್ಲ ಆಜಿ. ಮರುದಿನ ನಾನು ಅವಳನ್ನು ಕಾದೆ, ಅದರ ಮರುದಿನ ಅವಳು ನನ್ನನ್ನು ಕಾದಳು. ಹೆಕ್ಕಿದ್ದನ್ನೆಲ್ಲ ಒಂದೇ ಕಡೆ ಸುರಿದು ಸಮಪಾಲು ಮಾಡುತ್ತಿದ್ದೆವು. ಅವಳು ನನಗಿಂತ ಚೆನ್ನಾಗಿ ಹಾಡುತ್ತಾಳೆ, ನನಗಿಂತ ಚೆನ್ನಾಗಿ ಬೈಯುತ್ತಾಳೆ. ನನಗೆ ಅವಳೆಂದರೆ ತುಂಬಾ ಇಷ್ಟ.

ಯುದ್ಧ ನಿಂತಿತು, ಬೋಟುಗಳು ಹೊರಟವು. ಆದರೆ ಪೇಟೆಯಲ್ಲಿ ಬೇರೆಯದೇ ಶುರುವಾಯಿತು. ನಾಲ್ಕೈದು ಹುಡುಗರು ಸಾಲಿನುದ್ದಕ್ಕೂ ತಿರುಗಿ, ಆ ಜಾತಿಯವರ ಹತ್ತಿರ ಮೀನು ತಗೊಳ್ಳಬಾರದು ಅಂತ ಹೇಳಿಕೊಂಡು ಹೋದರು. ಯಾರ ಹುಡುಗರೋ ಏನೋ, ಒಬ್ಬನಿಗೂ ಬಂಗಡೆ ಯಾವುದು ತಾರಲೆ ಯಾವುದು ಗೊತ್ತಿರಲಿಕ್ಕಿಲ್ಲ. ನಿನ್ನ ಹಳೆ ಗಿರಾಕಿ ಮಾಬ್ಲೇಶ್ವರ ಶೇಟ್ ಬಂದವರು ಜೈತೂನಳ ಬಳಚು ಮುಟ್ಟಿ ನೋಡಿ, ಆಚೀಚೆ ಕಣ್ಣಾಡಿಸಿ, ಇವತ್ತು ಬೇಡ ಅಂದರು. ಎರಡು ಹೆಜ್ಜೆ ಇಟ್ಟು ನನ್ನ ಹತ್ತಿರ ಬಂದು, "ನಿಂದು ಚಲೋ ಅದೆ ನೋಡು" ಅಂತ ಅದೇ ಬಳಚು ತಗೊಂಡರು. ಒಂದೇ ರಾಶಿಯಿಂದ ಪಾಲು ಮಾಡಿದ್ದು! ನಾನು ಹೇಳಲು ಬಾಯಿ ತೆರೆದೆ, ಜೈತೂನ್ ನನ್ನ ತೊಡೆ ಚಿವುಟಿದಳು. ಮರುದಿನ ಅವಳ ಜಾಗದಲ್ಲಿ ಯಾರೋ ತಮ್ಮ ಗೋಣಿ ಹಾಸಿ ಕೂತಿದ್ದರು. ಅವಳು ನಿಂತೇ ಮಾರಿದಳು, ಮಾರಿದ್ದಾದರೂ ಎಷ್ಟು.

ಅದನ್ನೂ ತಡೆದುಕೊಳ್ಳಬಹುದಿತ್ತು ಆಜಿ. ಬುಟ್ಟಿಯ ವಿಷಯ ನನ್ನಿಂದ ತಡೆಯಲಾಗಲಿಲ್ಲ. ತುಂಬಿದ ಬುಟ್ಟಿಯನ್ನು ಯಾವ ಹೆಂಗಸೂ ಒಬ್ಬಳೇ ತಲೆಗೇರಿಸಿಕೊಳ್ಳಲಾರಳು. ಅದಕ್ಕೇ ಬಂದರಿನಲ್ಲಿ ಪಕ್ಕದಲ್ಲಿದ್ದವಳು ಕೈ ಹಚ್ಚುತ್ತಾಳೆ, ಎತ್ತಿಸಿಕೊಂಡವಳು ಒಂದು ಮೀನು ತೆಗೆದು ಕೈ ಹಚ್ಚಿದವಳ ಬುಟ್ಟಿಗೆ ಹಾಕುತ್ತಾಳೆ. ರಕ್ಷಿತಾ, ಇದು ನಿನಗಾಗಿ ಬರೆದದ್ದು, ಆಜಿಗೆ ಗೊತ್ತಿದೆ. ಆವತ್ತು ಜೈತೂನ್ ಸಿಂಬಿ ತಲೆಯ ಮೇಲಿಟ್ಟುಕೊಂಡು ಬುಟ್ಟಿಯ ಪಕ್ಕ ನಿಂತೇ ಇದ್ದಳು. ಒಬ್ಬಳೂ ಬರಲಿಲ್ಲ. ದೇವಕಿ ಮಾವಶಿ ಸಾಲಿಗೆಲ್ಲ ಹಿರಿಯಳು, ಅವಳೇ ಕಡಲ ಕಡೆ ಮುಖ ತಿರುಗಿಸಿದಳು. ನಾನು ಹೋಗಿ ಎತ್ತಿಕೊಟ್ಟೆ. ಮಾರನೇ ದಿನ ನನ್ನ ಬುಟ್ಟಿಗೂ ಯಾರೂ ಬರಲಿಲ್ಲ. ಅಳು ಬಂತು, ಸುಳ್ಳು ಹೇಳುವುದಿಲ್ಲ. ನನಗೆ ಆಗ ನೆನಪಾದದ್ದು ನೀನು. ನೆರಳಿನ ಜಗಳದಲ್ಲಿ ನೀನೂ ಫಾತಿಮಾಬಿಯೂ ವರ್ಷಗಟ್ಟಲೆ ಮಾತು ಬಿಟ್ಟಿದ್ದಿರಿ. ಆದರೂ ಬೆಳಿಗ್ಗೆ ಬಂದರಿನಲ್ಲಿ ಮುಖ ಆ ಕಡೆ ಈ ಕಡೆ ಮಾಡಿಕೊಂಡು ಒಬ್ಬರ ಬುಟ್ಟಿ ಒಬ್ಬರು ಎತ್ತುತ್ತಿದ್ದಿರಿ, ಮೀನೂ ತಪ್ಪದೆ ಹಾಕುತ್ತಿದ್ದಿರಿ. ಚಿಕ್ಕವಳಿದ್ದಾಗ ನಾನು ಕೇಳಿದ್ದಕ್ಕೆ, "ಸಿಟ್ಟು ಅವ್ಳ ಮೇಲೆ, ಬುಟ್ಟಿ ಎಂತಾ ಮಾಡ್ತು ಪಾಪ?" ಅಂದಿದ್ದೆ.

ಕಡೆಗೆ ನಾವಿಬ್ಬರೂ ಒಂದು ಉಪಾಯ ಮಾಡಿದೆವು. ಎರಡು ಬುಟ್ಟಿಯ ಬದಲು ಒಂದೇ ದೊಡ್ಡ ಬುಟ್ಟಿ, ಆ ಕಿವಿ ಅವಳು ಈ ಕಿವಿ ನಾನು ಹಿಡಿದು ಅಂಕೋಲೆಯ ಬಸ್ಸು ಹತ್ತಿದೆವು. ಕಂಡಕ್ಟರ್ ಮೂಗು ಮುಚ್ಚಿಕೊಂಡೇ ಟಿಕೆಟ್ ಕೊಟ್ಟ. ಬಾಳೆಗುಳಿ ಕ್ರಾಸಿನಲ್ಲಿ ಇಳಿದು, ಹರಿವೆ, ಬಸಳೆ ಮಾರುವ ಹಾಲಕ್ಕಿ ಹೆಂಗಸರ ಪಕ್ಕದಲ್ಲಿ ಕೂತೆವು. ಮಳೆಗಾಲಕ್ಕೆ ಎಲ್ಲರಿಗೂ ಒಣಮೀನು ಬೇಕಾದ ಹೊತ್ತು, ತಂದದ್ದೆಲ್ಲ ಖರ್ಚಾಯಿತು. ಸುಕ್ರಿ ಅಂತ ಒಬ್ಬಳಿದ್ದಾಳೆ, ಕೊರಳ ತುಂಬ ಕರಿಮಣಿ, ನಾಲಗೆ ನಿನ್ನದರ ಹಾಗೆಯೇ. ಯಾರೋ ಬಂದು ಇವರು ಯಾವ ಜಾತಿಯವರು ಅಂತ ಅವಳನ್ನು ಕೇಳಿದ್ದಕ್ಕೆ, "ಮೀನ್ ತಿಂಬುಕ್ ಬಂದ್ಯಾ, ಹೆಣ್ ನೋಡುಕ್ ಬಂದ್ಯಾ?" ಅಂದಳು. ಅವನು ಒಣ ಬಂಗಡೆ ತಗೊಂಡು ಹೋದ. ಈಗ ನಮ್ಮ ಮಧ್ಯಾಹ್ನದ ಗಂಜಿಗೆ ಅವಳ ಕೆಸುವಿನ ಪಲ್ಯ, ಅವಳ ಮನೆಗೆ ನಮ್ಮ ಬಳಚು. ಸಂಜೆ ಬಸ್ಸಿನಲ್ಲಿ ಖಾಲಿ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ನಾನೂ ಜೈತೂನಳೂ ನಿದ್ದೆ ಹೊಡೆಯುತ್ತ ಬರುತ್ತೇವೆ. ನಾನು ಸುಖವಾಗಿದ್ದೇನೆ ಆಜಿ, ಚಿಂತೆ ಮಾಡಬೇಡ.

ಆದರೆ ಸಾಲಿನವರೆಲ್ಲ ಕಾಶಿಯ ಜಾಗ ಅನ್ನುವ ನಿನ್ನ ಜಾಗ ಖಾಲಿ ಬಿದ್ದಿದೆ. ಮೊನ್ನೆ ದೇವಕಿ ಮಾವಶಿ ಮನೆಗೆ ಬಂದಿದ್ದಳು. ಚಹಾ ಕುಡಿದು, ಬಾಬಾನ ಎದುರಿಗೇ ಹೇಳಿದಳು: ಮಳೆ ಹಿಡಿಯುವ ಮೊದಲು ಸಪ್ನಾ ಬಂದು ಕೂರದಿದ್ದರೆ ಜಾಗ ಬೇರೆಯವರಿಗೆ ಹೋಗುತ್ತದೆ, ಬರಲಿ, ಆದರೆ ಒಬ್ಬಳೇ ಬರಲಿ. ಅವಳಿಗೂ ಹೇಳಲು ಮನಸ್ಸಿರಲಿಲ್ಲ, ಲೋಟದೊಳಗೇ ನೋಡುತ್ತಿದ್ದಳು. ಬಾಬಾ ರಾತ್ರಿ ಊಟ ಮಾಡಲಿಲ್ಲ. ಅದು ನಿನ್ನ ತಾಯಿಯಿಂದ ನಿನಗೆ ಬಂದ ಜಾಗ, ನಿನ್ನಿಂದ ನನಗೆ ಬರಬೇಕಾದದ್ದು. ಅದನ್ನು ಕಳೆದವಳು ನಾನು ಅಂತ ಆಗಬಾರದು. ಜೈತೂನಳನ್ನು ಬಿಟ್ಟು ಅಲ್ಲಿ ಕೂರಲೂ ನನ್ನಿಂದಾಗದು. ಅವಳೇ, "ನೀ ಹೋಗಿ ಕೂತ್ಕ, ನಾ ಸುಕ್ರಿ ಹತ್ರ ಇರ್ತೆ" ಅಂದಳು. ನಾನು ಅವಳಿಗೆ ಚೆನ್ನಾಗಿ ಬೈದೆ. ಈಗ ನನಗೂ ಬೈಯಲು ಬರುತ್ತದೆ.

ಕಾಕಾ ಕಾಕಿಯರಿಗೆ ನಮಸ್ಕಾರ. ರಕ್ಷಿತಾಳಿಗೆ ಇಷ್ಟುದ್ದ ಓದಿದ್ದಕ್ಕೆ ಒಣಸೀಗಡಿ ಕಳಿಸುತ್ತೇನೆ. ಕಣ್ಣಿಗೆ ಔಷಧಿ ಬಿಡಿಸಿಕೊಳ್ಳುವಾಗ ಗಲಾಟೆ ಮಾಡಬೇಡ.

ನಿನ್ನ ಕಾಲಿಗೆ ಬಿದ್ದು,
ಸಪ್ನಾ

ತಾ.ಕ.: ಈ ಕಾಗದ ನಿನ್ನೆಯೇ ಅಂಚೆಗೆ ಹಾಕಬೇಕಿತ್ತು, ಹಾಕದ್ದೇ ಒಳ್ಳೆಯದಾಯಿತು. ಇವತ್ತು ಬೆಳಿಗ್ಗೆ ನಾವಿಬ್ಬರೂ ಬಂದರಿಗೆ ಹೋದಾಗ ತಡವಾಗಿತ್ತು, ಹೆಂಗಸರೆಲ್ಲ ಹೊರಟು ಹೋಗಿದ್ದರು. ದೇವಕಿ ಮಾವಶಿ ಒಬ್ಬಳೇ ತುಂಬಿದ ಬುಟ್ಟಿಯ ಪಕ್ಕ ಸಿಂಬಿ ಇಟ್ಟುಕೊಂಡು ನಿಂತಿದ್ದಳು. ಜೈತೂನಳೇ ಮೊದಲು ಹೋಗಿ ಕೈ ಹಚ್ಚಿದ್ದು. ಆ ಕಡೆ ಅವಳು, ಈ ಕಡೆ ನಾನು, ಎತ್ತಿಕೊಟ್ಟೆವು. ಮಾವಶಿ ಬುಟ್ಟಿ ಹೊತ್ತುಕೊಂಡೇ ಮೇಲಿನಿಂದ ಒಂದು ಬಂಗಡೆ ತೆಗೆದಳು. ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದಿದ್ದಳು. ಆಮೇಲೆ ನನ್ನನ್ನು, "ಇಬ್ರೂ ಒಂದೇ ಜಾಗದಾಗೆ ಕೂರ್ತ್ರಿ ಅಂದ್ರೆ, ಕಾಶಿ ಒಪ್ಪಿದ್ಳೇನೇ?" ಅಂತ ಕೇಳಿದಳು. ಜಾಗದವಳು ಒಪ್ಪಿದರೆ ಸಾಲಿನಲ್ಲಿ ಯಾರೂ ಬೇಡ ಅನ್ನುವಂತಿಲ್ಲವಲ್ಲ. ಒಪ್ಪಿದ್ದಾಳೆ ಅಂದೆ. ಕಣ್ಣು ಸರಿಯಾದ ಕೂಡಲೇ ಬಂದು ಅವಳೇ ಜೈತೂನಳ ಮಣೆ ಹಾಕುತ್ತಾಳೆ ಅಂತಲೂ ಅಂದೆ. ಮಾವಶಿ ಆ ಬಂಗಡೆಯನ್ನು ಜೈತೂನಳ ಸೆರಗಿಗೆ ಹಾಕಿ ಹೋದಳು. ಶುಕ್ರವಾರದಿಂದ ನಾವು ನಿನ್ನ ಜಾಗದಲ್ಲಿ ಕೂರುತ್ತೇವೆ, ನೆರಳಿನ ಬದಿ ಅವಳಿಗೆ. ರಕ್ಷಿತಾ, ಇದಿಷ್ಟನ್ನು ಗಟ್ಟಿಯಾಗಿ ಎರಡು ಸಲ ಓದು. ಆಜಿ ಹ್ಞೂಂ ಅಂದಳೆಂದು ಒಂದು ಫೋನ್ ಮಾಡಿಬಿಡು, ನಾನು ಹೇಳಿದ್ದು ಅಷ್ಟರೊಳಗೆ ನಿಜವಾಗಬೇಕು.