ಮಾವನ ಅಪ್ಪಣೆ

ಗುಂಡ್ಲುಪೇಟೆ
14-8-1996

ಚಾಮರಾಜನಗರದಲ್ಲಿರುವ ಅಣ್ಣ ಶಿವರಾಮುವಿಗೆ ತಂಗಿ ಭಾನುವಿನ ನಮಸ್ಕಾರ.

ಕ್ಷೇಮ ಸಮಾಚಾರ ಬರೆಯುವ ಮನಸ್ಸಿಲ್ಲ. ಹೋದ ತಿಂಗಳು ನಿನ್ನ ಮೂರನೇ ಕ್ಯಾಸೆಟ್ ಕೇಳಿದೆ. ಹೇಸಿಗೆಯಾಯಿತು, ಊಟ ಸೇರಲಿಲ್ಲ.

ಮೊದಲ ಕ್ಯಾಸೆಟ್ ನೆನಪಿದೆಯಾ? ನೀನು ತಂಬೂರಿ ಹಿಡಿದು ಕಥೆ ಹಾಡಿದೆ, ಮೇಳ ಕಟ್ಟಿದ ಮಾದಣ್ಣ ಮಾವ ದಮ್ಮಡಿ ಬಡಿದ, ನಾನು ಹಿಂದೆ ಸೊಲ್ಲು ಹಿಡಿದೆ. ಸಂತೆಮರಹಳ್ಳಿಯ ಬಳೆ ಅಂಗಡಿಯಲ್ಲೂ ಅದನ್ನೇ ಹಾಕುತ್ತಿದ್ದರು. ಎರಡನೆಯದಕ್ಕೆ ಹೋದಾಗ ಸ್ಟುಡಿಯೋದವರು ದಮ್ಮಡಿ ಬೇಡ, ರಿದಂ ಪ್ಯಾಡ್ ಸಾಕು ಎಂದರು. ನೀನು ತಲೆಯಾಡಿಸಿದೆ. ಮಾವ ದಮ್ಮಡಿಯನ್ನು ಚೀಲಕ್ಕೆ ಹಾಕಿಕೊಂಡು ಗಾಜಿನಾಚೆ ಬೆಂಚಿನ ಮೇಲೆ ಕೂತಿದ್ದ. ಕವರಿನ ಮೇಲೆ ನಿನ್ನ ಫೋಟೋ ಒಂದೇ ಬಂತು, ಅದೂ ಕರಿ ಕನ್ನಡಕದಲ್ಲಿ. ಆಗ ನಾನು ನಕ್ಕುಬಿಟ್ಟೆ.

ಮೂರನೆಯದಕ್ಕೆ ನೀನು ಕಥೆಯನ್ನೇ ಕತ್ತರಿಸಿ ಕುಣಿಯುವ ಹಾಡು ಮಾಡಲು ಹೊರಟಾಗ ಮಾವ ಎದ್ದ. ನಮ್ಮ ಮೇಳದ ಪದ್ಧತಿ ನಿನಗೇನು ಹೊಸದಲ್ಲ. ಮುಂದೆ ಹಾಡುವವನು ಅಪ್ಪಣೆ ಕೇಳಬೇಕು, ಹಿಂದೆ ಕೂತ ಹಿರಿಯ ಕೊಡಬೇಕು. ಕೊಡದಿದ್ದರೆ ತಂಬೂರಿ ಕೆಳಗಿಡಬೇಕು. "ಇದ್ಕೆ ನನ್ನ ಬಾಯಿಂದ ಅಪ್ಪಣೆ ಬರಕಿಲ್ಲ, ಬುಡ್ಲಾ ಶಿವರಾಮು," ಎಂದು ಹೇಳಿ ಅವನು ಬಸ್ ಹತ್ತಿದ. ನಾನೂ ಹಿಂದೆಯೇ ಬಂದೆ.

ಯುಗಾದಿಗೆ ಮುಂಚೆ ಮಾವ ತೀರಿಕೊಂಡ. ಅವನ ದಮ್ಮಡಿಯನ್ನೂ ನಮ್ಮಲ್ಲಿದ್ದ ಮೊದಲ ಕ್ಯಾಸೆಟ್ಟನ್ನೂ ಅವನ ಜೊತೆಗೇ ಮಣ್ಣಿಗಿಟ್ಟೆವು. ನೀನೂ ಬಂದು ಕಣ್ಣೀರು ಹಾಕಿದೆ.

ಈಗ ನಿನ್ನ ಕ್ಯಾಸೆಟ್ ಹಾಕಿದರೆ ನೀನು ಅಪ್ಪಣೆ ಕೇಳುತ್ತೀಯ, ಮಾವ ಕೊಡುತ್ತಾನೆ: "ಹಾಡ್ಲಾ ಮಗ, ನಾ ಇವ್ನಿ ಕಣ." ಮೊದಲ ಕ್ಯಾಸೆಟ್ಟಿನಿಂದ ಕತ್ತರಿಸಿ ಅಂಟಿಸಿದ್ದೀಯ. ಬದುಕಿದ್ದಾಗ ಅವನು ಕೊಡದ ಅಪ್ಪಣೆಯನ್ನು ಸತ್ತ ಮೇಲೆ ಹೇಳಿಸಿದೆಯಲ್ಲ, ನಾಚಿಕೆಯಾಗಲಿಲ್ಲವಾ? ಅದರ ಬೆನ್ನಿಗೇ ರಿದಂ ಪ್ಯಾಡಿನ ಡಬಡಬ. ಥೂ.

ನಾಲ್ಕನೆಯದಕ್ಕೆ ಹಾಡಲು ಬಾ ಎಂದು ಬರೆದಿದ್ದೀಯ. ಬರುವುದಿಲ್ಲ. ನನ್ನ ಹಳೆಯ ದನಿಯನ್ನೂ ಹೀಗೇ ಅಂಟಿಸಿಕೊಂಡರೆ ಅಣ್ಣ ಎಂಬ ಮಾತು ಅಲ್ಲಿಗೆ ಮುಗಿಯಿತು.

ಇತಿ,
ಮೇಳ ಬಿಟ್ಟ ತಂಗಿ
ಭಾನು

ಮತ್ತೊಂದು ಮಾತು: ಕ್ಯಾಸೆಟ್ಟನ್ನು ಒಲೆಗೆ ಹಾಕಲು ಎತ್ತಿಕೊಂಡಾಗ ಮಾವನ ಹೆಂಡತಿ ಮೂಗಮ್ಮತ್ತೆ ಕೈ ಹಿಡಿದುಕೊಂಡಳು. ದಿನಾ ಬಂದು ಮಾವನ ಆ ಒಂದು ಮಾತು ಹಾಕಿಸಿಕೊಂಡು ಕೇಳುತ್ತಾಳೆ. ನಿನ್ನ ಹಾಡು ಶುರುವಾಗುವ ಮೊದಲೇ ನಿಲ್ಲಿಸಮ್ಮ ಎನ್ನುತ್ತಾಳೆ. ಟೇಪು ಅಲ್ಲೇ ಸವೆದು ಮಾವನ ದನಿ ಎಳೆಯತೊಡಗಿದೆ. ಮೊದಲನೆಯದು ಈಗ ಯಾವ ಅಂಗಡಿಯಲ್ಲೂ ಇಲ್ಲ. ಇದನ್ನೇ ಇನ್ನೊಂದು ಕಳಿಸು.