ಸವುಟಿಯ ದಾರಿಗೆ ಯಾವ ಪುಸ್ತಕ?

ಮಾವುನ್, ಬೋಟ್ಸ್ವಾನಾ
ಆಗಸ್ಟ್ ೬, ಮಂಗಳವಾರ

ವಾಮೆಯ ಅಪ್ಪನವರಿಗೆ,

ಕೆಲೆಬೊಗಿಲೆಯ ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಎಡಗಾಲಿನ ಮಂಡಿ ಚಳಿಗೆ ಸ್ವಲ್ಪ ಗೊಣಗುತ್ತದೆ, ಉಳಿದದ್ದೆಲ್ಲ ನೆಟ್ಟಗಿದೆ. ನೀವು ಕಣ್ಣಿನ ಪೊರೆ ತೆಗೆಸಿಕೊಂಡ ಸುದ್ದಿ ನನಗೆ ತಿಳಿದದ್ದು ತೆಗೆಸಿ ತಿಂಗಳಾದ ಮೇಲೆ. ಇರಲಿ.

ಭಾನುವಾರ ವಾಮೆ ಫೋನ್ ಮಾಡಿದ್ದಳು. "ಅಮ್ಮಾ, ಅಪ್ಪ ಒಬ್ರೇ ಗಾಡಿ ಓಡಿಸ್ಕೊಂಡು ಸವುಟಿ ಕಾಡು, ಕಸಾನೆ ದಾಟಿ ನಮೀಬಿಯಾಕ್ಕೆ ಹೋಗ್ತಾರಂತೆ. ಈ ವಯಸ್ಸಲ್ಲಿ ಬೇಡ ಅಂದ್ರೆ ಕೇಳಲ್ಲ. ಯಾವ ಮಾರ್ಗದರ್ಶಿ ಪುಸ್ತಕ ನಂಬಬಹುದು ಅಂತ ನಿಮ್ಮಮ್ಮನ್ನ ಕೇಳು ಅಂದ್ರು," ಎಂದಳು.

"ಕೇಳೋಕೆ ಅವರಿಗೇ ಬಾಯಿಲ್ವೇನೆ?" ಎಂದೆ.

"ಹೇಳೋಕೆ ನಿನಗೂ ಇದೆಯಲ್ಲಮ್ಮ," ಎಂದು ಫೋನ್ ಇಟ್ಟೇಬಿಟ್ಟಳು. ಮಾತಿನಲ್ಲಿ ಅವಳು ನಿಮ್ಮ ಮಗಳೇ.

ಆದ್ದರಿಂದ ಹೇಳುತ್ತಿದ್ದೇನೆ. ನನ್ನ ಅಂಗಡಿಯಲ್ಲಿ ಈಗ ಇಂಥ ಪುಸ್ತಕಗಳಿಗೇ ಒಂದು ಕಪಾಟು ಇದೆ. ಹಗ್ಗ, ಗ್ಯಾಸ್ ಒಲೆ, ನೀರಿನ ಡಬ್ಬಗಳ ಪಕ್ಕದಲ್ಲೇ ಅದು. ಒಂದರ ಮುಖಪುಟದಲ್ಲಿ ಸಿಂಹ, ಇನ್ನೊಂದರಲ್ಲಿ ಸೂರ್ಯಾಸ್ತ. ಹೋಗುವಾಗ ಎಲ್ಲರೂ ಸಿಂಹವನ್ನೇ ಕೊಳ್ಳುತ್ತಾರೆ. ಬರುವಾಗ ಬಂಪರ್ ಕಳೆದುಕೊಂಡು ಬಂದು ನನ್ನ ಮುಖ ನೋಡುತ್ತಾರೆ.

ನಾವೂ ಸಿಂಹವನ್ನು ನಂಬಿ ಹೋದವರೇ ಅಲ್ಲವೆ? ಮದುವೆಯಾದ ವರ್ಷ. ನಿಮಗೆ ಸೆರೋವೆಯಲ್ಲಿ ಭೂಗೋಳದ ಮೇಷ್ಟರ ಕೆಲಸ. ಏಪ್ರಿಲ್ ರಜೆಗೆ ನಿಮ್ಮ ಭಾವನ ಲ್ಯಾಂಡ್ ರೋವರನ್ನು ಕಾಡಿ ಬೇಡಿ ತಂದಿದ್ದಿರಿ. ಅದರಲ್ಲಿ ನನ್ನ ಕಡೆಯ ಬಾಗಿಲನ್ನು ಹೊರಗಿನಿಂದ ತೆಗೆಯಲು ಒದ್ದಾಡಬೇಕಿತ್ತು. ನೀವು ಪ್ರತಿ ಸಲವೂ ನನಗಾಗಿ ಅದನ್ನು ತೆಗೆಯಲು ಇಳಿದು ಸುತ್ತಿ ಬರುವ ಮೊದಲೇ ನಾನು ಒಳಗಿನಿಂದ ತೆಗೆದುಕೊಂಡು ಇಳಿದುಬಿಡುತ್ತಿದ್ದೆ. ನಿಮಗೆ ಅದೇ ಬೇಜಾರು. ನಮ್ಮಮ್ಮ ಕರಿದು ಕೊಟ್ಟ ಹಿಟ್ಟಿನುಂಡೆ, ಮಗ್ವಿನ್ಯಾ, ಒಂದು ಡಬ್ಬಿ ತುಂಬ ಇತ್ತು. ಕಾಡಿನ ಮಬಾಬೆ ಗೇಟು ಮುಟ್ಟುವಷ್ಟರಲ್ಲಿ ಖಾಲಿ.

ಸವುಟಿಗೆ ಎರಡು ದಾರಿ. ಮರಳು ದಿಬ್ಬದ ಮೇಲಿನದೊಂದು, ಜೌಗಿನ ಮೇಲಿನದೊಂದು. "ಜೌಗಿನ ದಾರಿ ಹತ್ತಿರ, ನೋಡಲು ಚೆಂದ, ವರ್ಷವಿಡೀ ಸಲೀಸು," ಎಂದು ಪುಸ್ತಕದಲ್ಲಿ ಅಚ್ಚಾಗಿತ್ತು. ಗೇಟಿನಲ್ಲಿದ್ದವರು, "ಮಳೆ ಈಗಷ್ಟೇ ನಿಂತಿದೆ ಮೇಷ್ಟ್ರೇ, ಆ ಕಡೆ ಹೋಗ್ಬೇಡಿ," ಅಂದರು. ನೀವು ಪುಸ್ತಕ ತೆರೆದು ಅವರಿಗೇ ಪಾಠ ಮಾಡಿದಿರಿ. ನಾನು ಹೊಸ ಹೆಂಡತಿ, ಹೆಮ್ಮೆಯಿಂದ ಕೇಳುತ್ತಿದ್ದೆ.

ಆ ಎರೆಮಣ್ಣು ನೋಡಲು ಒಣಗಿದ ಹಾಗೇ ಇತ್ತು. ಮುಂದಿನ ಚಕ್ರ ಇಳಿದದ್ದು ಗೊತ್ತಾಗುವುದರೊಳಗೆ ಹಿಂದಿನವೂ ಇಳಿದವು. ನೀವು ಅನ್ನದ ಪಾತ್ರೆಯಲ್ಲಿ ಕೆಸರು ಮೊಗೆದು ಚೆಲ್ಲಿದಿರಿ. ನಾನು ಕೊಂಬೆ ಮುರಿದು ಮುರಿದು ಚಕ್ರದ ಕೆಳಗೆ ತುರುಕಿದೆ. ಗಾಡಿ ಇನ್ನಷ್ಟು ಕೂತಿತು. ಆಗಲೇ ಆನೆಗಳು ಬಂದವು.

ನಾವು ಒಳಗೆ ಹತ್ತಿ ಗಾಜು ಏರಿಸಿ ಕೂತೆವು. ಮರಿಗಳನ್ನು ಹಿಂದೆ ನಿಲ್ಲಿಸಿ ದೊಡ್ಡ ಹೆಣ್ಣಾನೆ ಒಂದೇ ನಿಮ್ಮ ಕಿಟಕಿಯವರೆಗೂ ಬಂತು. ಸೊಂಡಿಲನ್ನು ಗಾಜಿಗೆ ಒತ್ತಿ ಮೂಸಿತು. ಗಾಜಿನ ಮೇಲೆ ಅದರ ಉಸಿರಿನ ಮಂಜು ಮೂಡಿತು. ಅದು ಒಂದು ಸಲ ತಲೆ ಕೊಡವಿದ್ದರೆ ಇಂದು ಈ ಪತ್ರವಿಲ್ಲ, ವಾಮೆಯೂ ಇಲ್ಲ. ನೀವು ತುಟಿ ಅಲ್ಲಾಡಿಸದೆ ಪಿಸುಗುಟ್ಟಿದಿರಿ, "ಕೆಲೆ, ಇದಕ್ಕೇನು ಮಾಡ್ಬೇಕು ಅಂತ ಬರ್ದಿದೆ ನೋಡು."

ನಾನು ನೋಡಿದೆ. "'ಆನೆಗಳನ್ನು ದೂರದಿಂದ ಕಂಡು ಆನಂದಿಸಿ' ಅಂತಿದೆ ಕಣ್ರೀ," ಎಂದೆ.

ನಗು ಬಂದುಬಿಟ್ಟಿತು. ಬಾಯಿಗೆ ಸೆರಗಿನಂತೆ ಕಂಬಳಿ ಒತ್ತಿಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು, ಸದ್ದಿಲ್ಲದೆ ನಕ್ಕೆವು. ಆನೆಗೆ ನಮ್ಮಲ್ಲಿ ಆಸಕ್ತಿ ಹೋಯಿತೋ ಏನೋ, ಹಿಂಡನ್ನು ಕರೆದುಕೊಂಡು ನೀರಿನ ಕಡೆ ನಡೆಯಿತು. ಅಷ್ಟು ನಗು ಆಮೇಲೆ ನಮಗೆ ಎಂದೂ ಬರಲಿಲ್ಲ.

ಹೊತ್ತು ಇಳಿಯುವ ಮೊದಲು ದಕ್ಷಿಣ ಆಫ್ರಿಕಾದ ಕಿಂಬರ್ಲಿಯ ಆ ಅಕ್ಕತಂಗಿಯರು ಬಂದರು. ಕೆಲಸದಿಂದ ನಿವೃತ್ತರಾದ ನರ್ಸುಗಳು, ನಮ್ಮದೇ ಭಾಷೆಯವರು. ನಾವು ಜೌಗಿಗೆ ಹೋದದ್ದನ್ನು ಗೇಟಿನವರು ಹೇಳಿ ಕಳಿಸಿದ್ದರು. ಅಕ್ಕ ಗಾಲೆಬೊಯೆ ಗಟ್ಟಿನೆಲದಲ್ಲೇ ಗಾಡಿ ನಿಲ್ಲಿಸಿ, ಸೊಂಟಕ್ಕೆ ಕೈಯಿಟ್ಟು ನಿಮ್ಮನ್ನು ನೋಡಿ, "ಏನಪ್ಪಾ ಮದುಮಗ, ನೀರಾನೆ ಜೊತೆ ಸಂಸಾರ ಹೂಡೋಕೆ ಬಂದ್ಯಾ?" ಎಂದರು. ಎರಡು ಹಗ್ಗ ಗಂಟು ಹಾಕಿ ನಮ್ಮನ್ನು ಎಳೆದು ಹಾಕಿದರು.

ಅವರ ಪುಸ್ತಕದಲ್ಲಿ ಬಣ್ಣದ ಚಿತ್ರವೇ ಇರಲಿಲ್ಲ. ಜೌಗಿನ ದಾರಿಯ ಪುಟ ತೆಗೆದು ನಿಮ್ಮ ಮೂಗಿನ ಕೆಳಗೆ ಹಿಡಿದರು. ಅಲ್ಲಿ ಇದ್ದದ್ದು ಇಷ್ಟೇ: ಮಳೆಗಾಲದಲ್ಲಿ ನಾವು ಈ ದಾರಿಯಲ್ಲಿ ಹೋಗಿಲ್ಲ, ನಮಗೆ ಗೊತ್ತಿಲ್ಲ, ಸ್ಥಳದವರನ್ನು ಕೇಳಿ. "ಗೊತ್ತಿಲ್ಲ ಅಂತ ಬರೆಯೋಕೆ ಗುಂಡಿಗೆ ಬೇಕಪ್ಪಾ. ಆ ಒಂದು ಮಾತಿಗೆ ನಾನು ಇದರ ಬಾಕಿ ಪುಟ ನಂಬ್ತೀನಿ," ಎಂದರು ಗಾಲೆಬೊಯೆ. ಇಷ್ಟು ವರ್ಷ ನಾನು ಅಂಗಡಿಯಲ್ಲಿ ಮಾರಿದ್ದು ಆ ಮಾತನ್ನೇ.

ನೀವು ಹೀಗೆ ಮಾಡಿ. ಯಾವ ಪುಸ್ತಕ ಕೈಗೆ ಬಂದರೂ ಮೊದಲು ಸೆರೋವೆಯ ಪುಟ ತೆಗೆಯಿರಿ. ನೀವು ಹುಟ್ಟಿದೂರಿನ ಬಗ್ಗೆ ಸುಳ್ಳು ಹೇಳುವ ಪುಸ್ತಕ ನೀವು ಕಾಣದ ಊರಿನ ಬಗ್ಗೆ ನಿಜ ಹೇಳೀತೆ? ಸಿಂಹದ ಪುಸ್ತಕ ಸೆರೋವೆಯಲ್ಲಿ ಕೆರೆಯ ದಂಡೆಯ ಹೋಟೆಲೊಂದನ್ನು ಹೊಗಳುತ್ತದೆ. ಕೆರೆ ಎಲ್ಲಿದೆ ಎಂದು ನೀವೇ ಹೇಳಬೇಕು! ಆಮೇಲೆ, ಅಚ್ಚಾದ ವರ್ಷ ನೋಡಬೇಡಿ, ಬರೆದವರು ಆ ದಾರಿಯಲ್ಲಿ ಹೋದ ವರ್ಷ ನೋಡಿ. ತಾವೇ ಗಾಡಿ ಓಡಿಸಿದ್ದರೋ, ಇಲ್ಲ ವಿಮಾನದಲ್ಲಿ ಇಳಿದು ಐಷಾರಾಮಿ ಬಿಡಾರದಲ್ಲಿ ಮಲಗಿ ಬಂದಿದ್ದರೋ ಗೊತ್ತಾಗಿಬಿಡುತ್ತದೆ. ಓಡಿಸಿದವರು ದೂರವನ್ನು ಗಂಟೆಯಲ್ಲಿ ಹೇಳುತ್ತಾರೆ. ಮರಳಿಗೆ ಟೈರಿನ ಗಾಳಿ ಎಷ್ಟು ಇಳಿಸಬೇಕು, ಎಲ್ಲಿ ಡೀಸೆಲ್ ಸಿಗದು, ದನದ ರೋಗ ತಡೆಯುವ ಯಾವ ತಪಾಸಣೆ ಗೇಟಿನಲ್ಲಿ ಹಸಿ ಮಾಂಸ ಕಿತ್ತುಕೊಳ್ಳುತ್ತಾರೆ ಎಂದು ಹೇಳುತ್ತಾರೆ. ಕಪಾಟಿನಲ್ಲಿ ನೀಲಿ ರಟ್ಟಿನದೊಂದಿದೆ, ಇವೆಲ್ಲಕ್ಕೂ ಒಪ್ಪುತ್ತದೆ. ಅದನ್ನೇ ಕೊಳ್ಳಿ. ನನ್ನ ಅಂಗಡಿಗೇ ಬರಬೇಕೆಂದೇನಿಲ್ಲ, ಗ್ಯಾಬರೋನಿನಲ್ಲೂ ಸಿಗುತ್ತದೆ.

ನೀವು ಗ್ಯಾಬರೋನಿಗೆ ವರ್ಗವಾಗಿ ಹೋದಾಗ ಅಮ್ಮ ಇಲ್ಲಿ ಮಾವುನಿನಲ್ಲಿ ಹಾಸಿಗೆ ಹಿಡಿದಿದ್ದಳು, ನಾನು ಬರಲಿಲ್ಲ. ಅಮ್ಮ ಹೋದ ಮೇಲೆ ಅಂಗಡಿಯ ನೆಪ ಹೇಳಿದೆ. ನೀವೂ ಬಾ ಎನ್ನಲಿಲ್ಲ. ನಾವು ಜಗಳವಾಡಿದ್ದರೆ ಯಾರಾದರೂ ಹಿರಿಯರು ಕೂತು ಬಿಡಿಸುತ್ತಿದ್ದರು. ಜಗಳವೇ ಆಗಲಿಲ್ಲವಲ್ಲ. ವಾಮೆ ಚಿಕ್ಕವಳಿದ್ದಾಗ ಕ್ರಿಸ್‌ಮಸ್‌ಗೆ ಬರುತ್ತಿದ್ದಿರಿ, ಆಮೇಲೆ ಅದೂ ನಿಂತಿತು. ಇದನ್ನು ದೂರೆಂದು ಬರೆಯುತ್ತಿಲ್ಲ. ಪುಸ್ತಕದ ಬಗ್ಗೆ ಬರೆಯಲು ಕೂತೆ, ಕೈ ಇಲ್ಲಿಗೆ ಬಂತು.

ನಿಮ್ಮನ್ನು ತಡೆಯುವುದಿಲ್ಲ. ಸವುಟಿಯನ್ನು ಇನ್ನೊಮ್ಮೆ ನೋಡಬೇಕು ಎಂಬ ಆಸೆ ನನಗೆ ಅರ್ಥವಾಗುತ್ತದೆ. ದಿಬ್ಬದ ದಾರಿಯಲ್ಲೇ ಹೋಗಿ. ಬಿಸಿಲು ಮುಖಕ್ಕೆ ಹೊಡೆಯುವಾಗ ಹೊಸ ಕಣ್ಣನ್ನು ನೆಚ್ಚಬೇಡಿ, ನಿಲ್ಲಿಸಿಬಿಡಿ.

ದಾರಿ ನಿಮಗೆ ಗಟ್ಟಿಯಾಗಿರಲಿ ಎಂದು ಹಾರೈಸುವ,

ಕೆಲೆಬೊಗಿಲೆ
(ವಾಮೆಯ ಅಮ್ಮ)

ಮರೆತ ಮಾತು: ಈ ಪತ್ರವನ್ನು ಅಂಚೆಗೆ ಹಾಕುತ್ತಿಲ್ಲ. ಶುಕ್ರವಾರ ಬೆಳಿಗ್ಗೆ ನೀವು ಇಲ್ಲಿಯ ಸೇತುವೆ ಪಕ್ಕದ ಪೆಟ್ರೋಲ್ ಬಂಕಿನಲ್ಲಿ ನಿಲ್ಲುತ್ತೀರೆಂದು, ನನಗೆ ತಿಳಿಸದೆ ಹಾಗೇ ಮುಂದಕ್ಕೆ ಹೋಗುತ್ತೀರೆಂದು ವಾಮೆ ಬಾಯಿಬಿಟ್ಟಳು. ನಾನೇ ಅಲ್ಲಿಗೆ ಬಂದು ಇದನ್ನೂ ನೀಲಿ ರಟ್ಟಿನ ಪುಸ್ತಕವನ್ನೂ ನಿಮ್ಮ ಕೈಗೆ ಕೊಡುತ್ತೇನೆ. ಅಂಗಡಿಯನ್ನು ತಮ್ಮನ ಹೆಂಡತಿಗೆ ಒಪ್ಪಿಸಿದ್ದೇನೆ. ಪಾಸ್‌ಪೋರ್ಟ್ ಹೊಸದು ಮಾಡಿಸಿದ್ದು ಹೋದ ವರ್ಷವೇ, ಯಾಕೆಂದು ಕೇಳಬೇಡಿ. ನೀವು ಓದುವಷ್ಟು ಹೊತ್ತು ಎಡಗಡೆಯ ಸೀಟಿನಲ್ಲಿ ಕೂತಿರುತ್ತೇನೆ. ಓದಿದ ಮೇಲೆ ಇಳಿ ಎಂದರೆ ಇಳಿಯುತ್ತೇನೆ. ಅನ್ನದಿದ್ದರೆ, ಏನೂ ಹೇಳಬೇಡಿ, ಗಾಡಿ ಹೊರಡಿಸಿ.